ಫಕೀರಪ್ಪನ ಗರ್ದಭದಾನ ದಿಗ್ವಿಜಯ

ತಾಯೇ ವಾಗ್ದೇವಿ, ನನ್ನ ನಾಲಗೆಗೆ ಕಾದ ಇಸ್ತ್ರಿಯ ಬಿಸಿಯನ್ನೂ ನನ್ನ ವಾಕ್ಯಗಳಿಗೆ ಗಂಜಿ ಹಾಕಿದ ಧೋತರದ ಬಿಗುವನ್ನೂ ದಯಪಾಲಿಸು. ದಾನವೆಂಬುದು ಅಂಗೈಯಿಂದ ಜಾರಿ ಹೆಬ್ಬೆರಳ ತುದಿಗೆ ಬಂದು ನಿಂತ ಯುಗವದು. ಕರುಣೆಯು ಕಪ್ಪುಬಿಳುಪು ಚೌಕಗಳ ಚಕ್ರವ್ಯೂಹದೊಳಗೆ ಅಡಗಿ, ಸ್ಕ್ಯಾನ್ ಮಾಡಿದವರಿಗಷ್ಟೇ ದರ್ಶನ ಕೊಡುತ್ತಿದ್ದ ಯುಗ. ಸಾಧುವೂ ಕಳ್ಳನೂ ಒಂದೇ ಬಣ್ಣದ ಕಾಗದದ ಮೇಲೆ ಒಂದೇ ಬಗೆಯ ದೀಪದ ಚಿತ್ರವನ್ನು ಅಚ್ಚು ಹಾಕಿಸುತ್ತಿದ್ದ, ಧರ್ಮದೇವತೆಯು ತನಗುಳಿದಿದ್ದ ಒಂದೇ ಒಂದು ಕಾಲನ್ನು ನೆಲಕ್ಕೆ ಊರಿ ಕುಂಟುತ್ತಿದ್ದ ಆ ಕಾಲದಲ್ಲಿ, ಗದಗ-ಬೆಟಗೇರಿಯೆಂಬ ಅವಳಿಪುರದ ಬೆಟಗೇರಿ ಭಾಗದಲ್ಲಿ ಒಬ್ಬ ವೀರನು, ಕೊಡಲೆಂದು ಎತ್ತಿದ ಕೈಯನ್ನು ಇಪ್ಪತ್ತೆರಡು ದಿನ ಹಾಗೆಯೇ ಎತ್ತಿ ಹಿಡಿದು, ಕೊಡುವ ಮುನ್ನ ನೋಡಿದನು. ಆ ಕಥೆಯನ್ನು ಹೇಳುತ್ತೇನೆ.

ಅವನಾರೆಂದರೆ: ಶ್ವೇತಾಂಬರ ಸುಕ್ಕು ಸಂಹಾರಕ, ಕಾಲರ್‌ಕಲ್ಮಷ ಧ್ವಂಸಕ, ವರಮಹಾಶಯರ ಶೇರ್ವಾನಿ ಸಂಕಟಹರ, ಅಷ್ಟಕಿಲೋಭಾರ ಲೋಹೇಸ್ತ್ರಿಧರ, ಹೊಸಬೆಳಕು ಲಾಂಡ್ರಿಯ ಸಿಂಹಾಸನಾಧೀಶ್ವರನಾದ ಫಕೀರಪ್ಪ ಮಡಿವಾಳರ. ವಯಸ್ಸು ಅರವತ್ತೆಂಟು. ಎತ್ತರ ಐದಡಿ ಎರಡಂಗುಲ. ಅವನ ಬಲಗೈಯ ಮಣಿಕಟ್ಟಿನ ದಪ್ಪವನ್ನು ಕಂಡು ಇದ್ದಿಲೇ ಬೆದರಿ ತಾನಾಗಿ ಹೊತ್ತಿಕೊಳ್ಳುತ್ತಿತ್ತೆಂದು ಓಣಿಯ ಹಿರಿಯರು ಹೇಳುವುದುಂಟು.

ಒಂದು ಮಂಗಳವಾರ ಮುಂಜಾನೆ, ಈ ಮಹಾನುಭಾವನು ಯಾರೋ ವಕೀಲರ ಪ್ಯಾಂಟಿನ ಗೆರೆಯನ್ನು ಖಡ್ಗಧಾರೆಯಂತೆ ನಿಲ್ಲಿಸುತ್ತಿರುವ ವೇಳೆಗೆ, ಅವನ ಜೇಬಿನಲ್ಲಿ ಫೋನು ಕಂಪಿಸಿತು. ತೆರೆದು ನೋಡಿದರೆ ಹಣೆಯಲ್ಲಿ ಚುಕ್ಕೆಯಿದ್ದ ಒಂದು ಕತ್ತೆಯ ಮುಖ. ಅದರ ಎಡಗಣ್ಣಿನಿಂದ ಒಂದು ಹನಿ ಇಳಿದು ಗಲ್ಲದ ಮೇಲೆ ನಿಂತಿತ್ತು. ಕೆಳಗೆ ಕೆಂಪಕ್ಷರಗಳಲ್ಲಿ, ‘ನಿಮ್ಮ ಮೌನವೇ ಇವಳ ಸಾವು! ಇಂದೇ ದಾನ ಮಾಡಿ! ಅಖಿಲ ಗರ್ದಭ ಕಲ್ಯಾಣ ಮಹಾಪ್ರತಿಷ್ಠಾನ’ ಎಂದಿತ್ತು. ಅದರ ಕೆಳಗೆ ಆ ಚೌಕಗಳ ಚಕ್ರವ್ಯೂಹ, ಪಕ್ಕದಲ್ಲೊಂದು ಫೋನ್ ನಂಬರು.

ಇತರರ ಎದೆಯಾಗಿದ್ದರೆ ಆ ಚಿತ್ರ ಮುಂದಿನ ಗುಂಪಿಗೆ ದಾಟಿ ಹೋಗುತ್ತಿತ್ತು. ಫಕೀರಪ್ಪನ ಎದೆಯಲ್ಲಿ ಅದು ನಿಂತಿತು. ಏಕೆಂದರೆ ಐವತ್ತಾರು ವರ್ಷಗಳ ಕೆಳಗೆ ಅವನ ಮನೆಯಲ್ಲಿ ಚಂದ್ರಿ ಎಂಬ ಕತ್ತೆಯಿತ್ತು. ಊರ ಮೈಲಿಗೆಯನ್ನೆಲ್ಲ ಗಂಟು ಕಟ್ಟಿ ಅದರ ಬೆನ್ನಿಗೇರಿಸಿ, ಗಂಟುಗಳ ಮೇಲೆ ಬಾಲಕ ಫಕೀರಪ್ಪನನ್ನೂ ಏರಿಸಿ, ಅವನ ಅಪ್ಪ ದಿನವೂ ಕೆರೆಗೆ ನಡೆಯುತ್ತಿದ್ದನು. ಆನೆಯ ಅಂಬಾರಿ ಕಂಡಿಲ್ಲದ ಹುಡುಗನಿಗೆ ಅದೇ ಅಂಬಾರಿ. ಅವನಿಗೆ ಹನ್ನೆರಡು ತುಂಬಿದ ವರ್ಷ ಅಪ್ಪ ತಳ್ಳುಗಾಡಿ ಕೊಂಡನು. ಚಂದ್ರಿಯನ್ನು ಇಟ್ಟಂಗಿ ಸುಡುವ ಭಟ್ಟಿಯವನಿಗೆ ಮಾರಿದನು. ಕರೆದೊಯ್ಯುವಾಗ ಅದು ಓಣಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿತು. ಹುಡುಗನು ಒಣಹಾಕಿದ್ದ ಧೋತರಗಳ ಹಿಂದೆ ಅಡಗಿಕೊಂಡನು. ಹೋಗಿ ಮುಟ್ಟಿ ಬರಲಿಲ್ಲ. ಭೂಮಂಡಲದ ಕಲೆಗಳನ್ನೆಲ್ಲ ತೊಳೆದ ವೀರನಿಗೆ ಇದೊಂದು ಕಲೆ ಹೋಗಿರಲಿಲ್ಲ.

ಅವನು ಇಸ್ತ್ರಿಯನ್ನು ನಿಲ್ಲಿಸಿ, ದಕ್ಷಿಣ ಹಸ್ತವನ್ನು ಆಕಾಶಕ್ಕೆತ್ತಿ, ಲಾಂಡ್ರಿಯ ತಗಡಿನ ಮಾಡು ನಡುಗುವಂತೆ ಪ್ರತಿಜ್ಞೆ ಮಾಡಿದನು.

“ಇಪ್ಪತ್ತೈದ ಸಾವಿರ ಕೊಡ್ತೀನಿ! ಚೀಟಿ ರೊಕ್ಕ ಪೂರ್ತಿ ಕತ್ತಿಗೆ ಕೊಡ್ತೀನಿ!”

ಆ ಸೀಮೆಯ ಬಾಯಿಮಾತಿನಲ್ಲಿ ಕತ್ತೆಯೂ ಕತ್ತಿಯೇ ಆಗಿರುವುದರಿಂದ, ಹಾದಿಯಲ್ಲಿ ಹೋಗುತ್ತಿದ್ದವರು ವೃದ್ಧನು ಯಾರ ಮೇಲೋ ಯುದ್ಧ ಸಾರಿದನೆಂದು ಬಗೆದು ಹೆಜ್ಜೆ ಚುರುಕು ಮಾಡಿದರು. ಒಳಗಿದ್ದ ಒಬ್ಬಳಿಗೆ ಮಾತ್ರ ಸರಿಯಾಗಿ ತಿಳಿಯಿತು. ಅವಳು ಅವನ ಧರ್ಮಪತ್ನಿ, ಸಂಶಯಸಾಗರ ಸಂಚಾರಿಣಿ, ಕೊತ್ತಂಬರಿ ಸೂಡನ್ನೂ ಬಿಚ್ಚಿ ನಡುವಿನ ಎಲೆ ನೋಡಿಯೇ ಕೊಳ್ಳುವ ದಿವ್ಯದೃಷ್ಟಿಸಂಪನ್ನೆ, ಗುರುಸಿದ್ದವ್ವ.

“ಯಾವ ಕತ್ತಿಗ್ರೀ?” ಎಂದಳು.

“ಎಲ್ಲಾ ಕತ್ತಿಗೂ.”

“ಎಲ್ಲಿ ಅದಾವ ಅವು?”

ವೀರನು ಫೋನನ್ನು ಅವಳ ಮುಂದೆ ಹಿಡಿದನು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕತ್ತೆಯನ್ನು ನೋಡಿ, ಕೆಂಪಕ್ಷರ ನೋಡಿ, ಮತ್ತೆ ಕತ್ತೆಯನ್ನು ನೋಡಿದಳು.

“ಪಾಪ ಅಳಾಕತ್ತೈತಿ, ಖರೆ. ಆದ್ರ ಊರ ಹೆಸರ ಇಲ್ಲಲ್ರೀ ಇದರಾಗ?”

“ನಿಂಗ ಎಲ್ಲಾದ್ರಾಗೂ ಸಂಶೇನ! ಕೊಡೂ ಹೊತ್ತಿನ್ಯಾಗ ಲೆಕ್ಕಾ ಹಾಕಬಾರ್ದು.”

ಆಗ ಗುರುಸಿದ್ದವ್ವ ತಾನು ಉಟ್ಟಿದ್ದ ಹಸಿರು ಇಳಕಲ್ ಸೀರೆಯ ಸೆರಗನ್ನು ಧ್ವಜದಂತೆ ಎತ್ತಿ ಹಿಡಿದಳು.

“ಇದನ್ನ ನೋಡ್ರಿ. ನೆರಿ ಬಂದಾಗ ಒಬ್ಬಾಂವ ಟೆಂಪೋ ತಗೊಂಡ ಬಂದ, ನಿರಾಶ್ರಿತರಿಗೆ ಅಂದ. ನಾ ಆರ್ ಸೀರಿ ಕೊಟ್ಟೆ. ನಾಕ ವಾರಕ್ಕ ಸಂತ್ಯಾಗ ಇದು ಹಗ್ಗದ ಮ್ಯಾಲ ತೂಗ್ಯಾಡಾಕತ್ತಿತ್ತು. ನನ್ನ ಸೀರಿ ನಾನ ನೂರಾ ಎಂಬತ್ತ ರೂಪಾಯಿ ಕೊಟ್ಟ ಬಿಡಿಸಿಕೊಂಡ ಬಂದೆ. ಇದನ್ನ ಉಟ್ಟಾಗೊಮ್ಮೆ ಮಳಿಯಾಗ ನಿಂತ ಯಾವಾಕಿಗೋ ಇದು ಮುಟ್ಟಲಿಲ್ಲಲ್ಲ ಅಂತ ಹೊಟ್ಟಿ ಉರೀತೈತಿ. ಕೊಡಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ನೋಡಿ ಕೊಡ್ರಿ.”

ಬ್ರಹ್ಮಾಸ್ತ್ರಕ್ಕೆ ಪ್ರತ್ಯಸ್ತ್ರವುಂಟು. ಹೆಂಡತಿಯ ಮೈಮೇಲೆಯೇ ಇರುವ ಸಾಕ್ಷಿಗೆ ಇಲ್ಲ. ಆದರೂ ವೀರನಾದವನು ಹಾಗೆ ಸುಮ್ಮನಾಗಲಾರನಷ್ಟೆ. ಎದೆಯುಬ್ಬಿಸಿ ನುಡಿದನು:

“ಈ ಕೈ ನೋಡು! ಐವತ್ನಾಕ ವರ್ಷ ಎಂಟ ಕಿಲೋದ ಇಸ್ತ್ರಿ ಎತ್ತಿದ ಕೈ ಇದು. ಟೆರಿಕಾಟನ್ ಯಾವ್ದು, ಖಾದಿ ಯಾವ್ದು, ಅಸಲಿ ರೇಶ್ಮಿ ಯಾವ್ದು, ಕತ್ತಲ್ಯಾಗ ಮುಟ್ಟಿ ಹೇಳ್ತೀನಿ. ಈ ಕೈಗೆ ಒಂದ ಸಂಸ್ಥಾ ಖರೇನೋ ಸುಳ್ಳೋ ಗೊತ್ತಾಗೂದಿಲ್ಲೇನ? ಈಗ ಫೋನ್ ಹಚ್ತೀನಿ. ನೋಡಕೋತ ಇರು!”

ಹೀಗೆ ಮೊದಲನೆಯ ಸಮರಕ್ಕೆ ಶಂಖ ಮೊಳಗಿತು. ಅತ್ತ ಕಡೆ ಎರಡೇ ಸದ್ದಿಗೆ ಫೋನೆತ್ತಿದವನು ನಿಖಿಲೇಶ್ ಎಂಬ ಮಧುಜಿಹ್ವ, ಆ ಮಹಾಪ್ರತಿಷ್ಠಾನದ ಸೇನಾನಿ. ಅವನ ದನಿಯಲ್ಲಿ ಬೆಣ್ಣೆಯಿತ್ತು, ಬೆಣ್ಣೆಯ ಮೇಲೆ ಸಕ್ಕರೆಯಿತ್ತು. ಗುರುಸಿದ್ದವ್ವನ ಆಜ್ಞೆಯಂತೆ ದನಿಯನ್ನು ಹೊರಕ್ಕೆ ಬಿಡಲಾಗಿತ್ತು.

“ನಮಸ್ಕಾರ ಸರ್! ನಿಮ್ಮಂಥ ದೊಡ್ಡ ಮನಸ್ಸಿನವರಿಂದಾನೇ ಈ ಮೂಕಜೀವಿಗಳು ಉಸಿರಾಡ್ತಿರೋದು.”

ದೊಡ್ಡ ಮನಸ್ಸಿನವನು ಕರಗಿ ಅರ್ಧವಾದನು. ಹೆಂಡತಿ ಮೊಣಕೈಯಿಂದ ತಿವಿಯಲು ಮತ್ತೆ ಗಟ್ಟಿಯಾದನು. “ನಿಮ್ಮ ಕತ್ತಿ ಎಲ್ಲಿ ಅದಾವ್ರಿ? ಒಂದ್ಸಲ ಬಂದ ನೋಡ್ತೀವಿ.”

“ಇಡೀ ಕರ್ನಾಟಕದಲ್ಲಿ ಇದೆ ಸರ್. ಆದ್ರೆ ಜನರನ್ನ ಒಳಗೆ ಬಿಡಲ್ಲ. ಕತ್ತೆಗಳಿಗೆ ಟೆನ್ಷನ್ ಆಗುತ್ತೆ.”

“ನೋಂದಣಿ ನಂಬರ್ ಏನರ ಐತೇನ್ರಿ?”

“ಪ್ರೋಸೆಸ್‌ನಲ್ಲಿದೆ ಸರ್. ಅದೆಲ್ಲ ಇರ್ಲಿ, ಇವತ್ತು ಸಂಜೆ ಐದು ಗಂಟೆ ಒಳಗೆ ನೀವು ಎಷ್ಟು ಹಾಕ್ತೀರೋ ಅಷ್ಟನ್ನೇ ಇನ್ನೊಬ್ಬ ದಾನಿಗಳು ಸೇರಿಸ್ತಾರೆ. ಐದು ದಾಟಿದ್ರೆ ಇಲ್ಲ. ನೀವು ತಡ ಮಾಡಿದ ಒಂದೊಂದು ನಿಮಿಷಕ್ಕೂ ಒಂದು ಪ್ರಾಣ...”

ವಾಕ್ಯವನ್ನು ಅವನು ಅಲ್ಲಿಯೇ ತೂಗಬಿಟ್ಟನು. ಫಕೀರಪ್ಪನ ಕಣ್ಣಿಗೆ ಗೋಡೆಯ ಗಡಿಯಾರದ ಮುಳ್ಳು ಯಮನ ಕೋಣದಂತೆ ನಡೆಯುತ್ತಿರುವುದು ಕಾಣಿಸಿತು. ಓಣಿಯ ತಿರುವಿನಲ್ಲಿ ನಿಂತ ಚಂದ್ರಿ ಕಾಣಿಸಿತು. ಹೆಬ್ಬೆರಳು ತಾನಾಗಿ ಎದ್ದಿತು. ಲೋಕವು ಉಸಿರು ಬಿಗಿಹಿಡಿಯಿತು. ಆ ಹೆಬ್ಬೆರಳಿಗೂ ಇಪ್ಪತ್ತೈದು ಸಾವಿರಕ್ಕೂ ನಡುವೆ ಒಂದು ಗೋಧಿಕಾಳಿನಷ್ಟು ಅಂತರವಿತ್ತು. ಅಷ್ಟರಲ್ಲಿ ಮಿಂಚಿನಂತೆ ಬಂದ ಬಳೆಗೈಯೊಂದು ಫೋನನ್ನು ಕಸಿದುಕೊಂಡಿತು.

“ತಮ್ಮಾ, ಒಂದ ಮಾತ ಕೇಳ್ತೀನಿ,” ಎಂದಳು ಗುರುಸಿದ್ದವ್ವ ಬಲು ಮೆತ್ತಗೆ. “ದಿನಾ ಅವಕ್ಕ ತಿನ್ನಾಕ ಏನ ಹಾಕ್ತೀರಿ?”

“ಹೈ ಪ್ರೋಟೀನ್ ಆಹಾರ ಅಮ್ಮ! ಬೆಳಿಗ್ಗೆ ಹಾಲು, ಮೊಟ್ಟೆ. ಸಂಜೆ ಬಾದಾಮಿ.”

ಹೊರಗೆ ತಂತಿಯ ಮೇಲೆ ಒಣಗುತ್ತಿದ್ದ ಅಂಗಿಯೊಂದು ಕೂಡ ಅಲುಗಾಡುವುದನ್ನು ಬಿಟ್ಟಿತು.

“ಮೊಟ್ಟಿ ಕುದಿಸಿ ಕೊಡ್ತೀರೋ, ಆಮ್ಲೆಟ್ ಮಾಡಿ ಕೊಡ್ತೀರೋ?”

“...ಕುದಿಸಿ ಅಮ್ಮ.”

“ಸಿಪ್ಪಿ ಸುಲದ?”

ಮಧುಜಿಹ್ವನ ಬೆಣ್ಣೆ ಕರಗಿತು. “ಹಲೋ, ಹಲೋ, ಕೇಳಿಸ್ತಿಲ್ಲ,” ಎಂಬ ಕ್ಷೀಣಧ್ವನಿಯೊಂದು ಹೊರಟು, ಆ ಮಹಾಪ್ರತಿಷ್ಠಾನವು ಸದ್ದಡಗಿ ಅಂತರ್ಧಾನವಾಯಿತು. ಮತ್ತೆ ಹಚ್ಚಿದರೆ ಆ ಸಂಖ್ಯೆ ಅಸ್ತಿತ್ವದಲ್ಲಿಲ್ಲವೆಂದು ಒಬ್ಬ ಹೆಂಗಸು ಮೂರು ಭಾಷೆಗಳಲ್ಲಿ ಸಾರಿದಳು.

ಗೆದ್ದದ್ದು ಹೆಂಡತಿ, ಕುಸಿದದ್ದು ಗಂಡ. ರಣರಂಗದ ನಡುವೆ ಬಿಲ್ಲು ಕೆಳಗಿಟ್ಟು ಕುಳಿತ ಹಳೆಯ ವೀರರ ಪರಂಪರೆಯಲ್ಲಿ, ಫಕೀರಪ್ಪನು ಇಸ್ತ್ರಿಯನ್ನು ಬದಿಗಿಟ್ಟು, ಇಸ್ತ್ರಿಯಾಗದ ಅಂಗಿಗಳ ರಾಶಿಯ ಮೇಲೆ ಕುಳಿತನು. ಅವನ ತುಟಿ ಒಣಗಿತು. ಅವನಿಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗಿತ್ತು. ತನ್ನ ಹಳೆಯ ಗಾಯವೊಂದನ್ನು ಯಾವನೋ ಗುರುತು ಪರಿಚಯವಿಲ್ಲದವನು ಜೇಬಿಗೆ ಕೈ ಹಾಕಿದಂತೆ ಮುಟ್ಟಿ ನೋಡಿದ್ದನು.

“ಇನ್ನ ಯಾರಿಗೂ ಒಂದ ಪೈಸಾ ಕೊಡೂದಿಲ್ಲ ನಾನು. ಎಲ್ಲಾರೂ ಸುಳ್ಳ,” ಎಂದನು.

“ಹಿಂಗಂದ್ರ ಅವ ಗೆದ್ದಂಗಾತಲ್ರೀ,” ಎಂದಳು ಗುರುಸಿದ್ದವ್ವ. ಆಮೇಲೆ ಒಗೆಯಬೇಕಾದ ಬಟ್ಟೆಗಳ ಬುಟ್ಟಿಯಲ್ಲಿ ಕೈಯಾಡಿಸಿ, ಒಂದು ಬಿಳಿಯ ಕೋಟನ್ನು ಎಳೆದು ಅವನ ತೊಡೆಯ ಮೇಲೆ ಎಸೆದಳು. “ಮೇವಿನ ಅಂಗಡಿ ಈರಣ್ಣ ಹದಿನೈದ ದಿನಕ್ಕೊಮ್ಮೆ ತಂದ ಕೊಡ್ತಾನಲ್ಲ ಈ ಕೋಟ? ಇದರ ತುಂಬ ಕೂದಲ ಇರ್ತಾವ ಅಂತ ನೀವು ಎಷ್ಟ ವರ್ಷದಿಂದ ಬೈಯಾಕತ್ತೀರಿ?”

ಫಕೀರಪ್ಪನು ಕೋಟನ್ನು ಬೆಳಕಿಗೆ ಹಿಡಿದನು. ಬೂದುಬಣ್ಣದ ಗಿಡ್ಡ ಗಟ್ಟಿ ಕೂದಲು. ಯಾವುದೋ ದನದ್ದಿರಬೇಕೆಂದು ಇಷ್ಟು ವರ್ಷ ನೋಡದೆ ಕೊಡವಿ ಬಿಟ್ಟಿದ್ದನು. ಬೆರಳುಗಳ ನಡುವೆ ತಿಕ್ಕಿದನು. ಮೂಸಿದನು. ಐವತ್ತಾರು ವರ್ಷಗಳು ಒಂದು ಉಸಿರಿನಲ್ಲಿ ಹಿಂದಕ್ಕೆ ಸರಿದವು.

“ಕತ್ತೀದ,” ಎಂದನು, ದನಿಯಿಲ್ಲದೆ.

ಚಿತ್ರವು ಸುಳ್ಳಾಡಬಹುದು, ಅಚ್ಚಾದ ಅಕ್ಷರ ಸುಳ್ಳಾಡಬಹುದು. ಹೊಲಸಾದ ಬಟ್ಟೆ ಮಾತ್ರ ಅಗಸನ ಮುಂದೆ ಸುಳ್ಳಾಡಿದ್ದನ್ನು ಚತುರ್ಯುಗಗಳಲ್ಲಿ ಯಾರೂ ಕಂಡಿಲ್ಲ. ವೀರನು ಎದ್ದನು. ಸೈನ್ಯವು ಹೊರಟಿತು. ಸೈನ್ಯವೆಂದರೆ ಇಬ್ಬರು, ಒಂದು ಕೊಡೆ, ಒಂದು ನೀರಿನ ಬಾಟಲಿ.

ಮೇವಿನ ಈರಣ್ಣನು ಸೊಪ್ಪೆಯ ಹೊರೆಗಳ ನಡುವೆ ಪರ್ವತಗಳ ನಡುವಿನ ಗುಹಾಮುನಿಯಂತೆ ಕುಳಿತಿದ್ದನು. ಆ ಕೋಟು ಫರೀದಾ ನದಾಫ ಎಂಬ ಪಶುವೈದ್ಯೆಯದೆಂದೂ, ಸರಕಾರಿ ನೌಕರಿಯಿಂದ ನಿವೃತ್ತಳಾದ ಮೇಲೆ ಆಕೆ ಮುಳಗುಂದ ರಸ್ತೆಯ ಕಡೆ ‘ದಣಿದ ಕತ್ತೆಗಳ ತಂಗುದಾಣ’ ಎಂಬುದನ್ನು ನಡೆಸುತ್ತಿರುವಳೆಂದೂ ಅವನಿಂದ ತಿಳಿಯಿತು. ಒಳ್ಳೆಯವರೇನು ಎಂದು ಫಕೀರಪ್ಪ ಕೇಳಹೊರಟಾಗ ಗುರುಸಿದ್ದವ್ವ ಅವನ ಕೈ ಹಿಡಿದು ತಡೆದು, ತಾನೇ ಕೇಳಿದಳು: “ಮೇವು ಎಷ್ಟ ಒಯ್ತಾರಣ್ಣ? ಮಳಿಗಾಲದಾಗೂ ಒಯ್ತಾರೋ, ಬರೀ ಫೋಟೋ ತಗಿಯೂ ದಿನಕ್ಕೋ?”

“ವಾರಕ್ಕ ಒಂದ ಗಾಡಿ, ಯಕ್ಕಾ. ಹನ್ನೊಂದ ವರ್ಷದಾಗ ಒಂದ ವಾರ ತಪ್ಪಿಲ್ಲ.” ಈರಣ್ಣ ನಿಟ್ಟುಸಿರಿಟ್ಟನು. “ಆದ್ರ ಭಾಳ ಕಿರಿಕಿರಿ ಹೆಣಮಗಳ್ರಿ ಆಕಿ. ಒಂದ ಹೊರಿ ಹಸಿ ಇತ್ತಂದ್ರ ಗಾಡೀನ ತಿರುಗಿಸಿ ಕಳಸ್ತಾಳ. ಬೂಸ್ಟ ಬಂದ ಮೇವು ತಿಂದ್ರ ಹೊಟ್ಟಿ ಕೆಡತೈತಿ ಅಂತಾಳ. ನನ್ನ ಜೋಡಿ ಎಷ್ಟ ಸಲ ಜಗಳಾಡ್ಯಾಳ!”

ಹೊಗಳಿಕೆಯನ್ನು ಕೇಳಿ ಬೀಳುವ ಹೆಂಗಸಲ್ಲ ಗುರುಸಿದ್ದವ್ವ. ಈ ಬೈಗುಳವನ್ನು ಕೇಳಿ ಅವಳ ಮುಖ ಅರಳಿತು. ಗಂಡನ ಕಿವಿಯಲ್ಲಿ ಹೇಳಿದಳು: “ಕತ್ತಿ ಸಲುವಾಗಿ ಜಗಳಾ ಆಡ್ತಾಳಂದ್ರ ಕತ್ತಿ ಇರಬೇಕು.”

ಮುಂದಿನದು ನೋಂದಣಿ ಕಚೇರಿಯ ಮುತ್ತಿಗೆ. ಕಡತಾರಣ್ಯ ದುರ್ಗಮವಾದ, ಧೂಳಿಯೇ ಮಂಜಾಗಿ ಕವಿದ ಆ ಕೋಟೆಯ ಬೆಂಚಿನ ಮೇಲೆ ಫಕೀರಪ್ಪನು ಎರಡು ದಿನ ತಪಸ್ಸು ಮಾಡಿದನು. ಮೊದಲ ದಿನ ಹೋಗಬೇಕಾದ ಕೋಣೆಯೇ ಬೇರೆಯೆಂದೂ, ಆ ಕೋಣೆಯ ಗುಮಾಸ್ತ ಎರಡು ವಾರದ ರಜೆಯಲ್ಲಿರುವನೆಂದೂ ತಿಳಿಯಿತು. ಎರಡನೆಯ ದಿನ, ರಜೆ ಮುಗಿಸಿ ಬಂದ ಆ ಗುಮಾಸ್ತನು, ತನ್ನ ಇಪ್ಪತ್ತು ವರ್ಷಗಳ ಸೇವೆಯಲ್ಲಿ ದಾನ ಕೊಡುವ ಮೊದಲು ಬಂದು ವಿಚಾರಿಸಿದವರನ್ನು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿ, ಎದ್ದು ನಿಂತು, ರಜಿಸ್ಟರನ್ನು ಕೆಳಗಿಳಿಸಿದನು. “ಹೆಚ್ಚಾಗಿ ಕೊಟ್ಟ ಮ್ಯಾಲ ಅಳಕೋತ ಬರ್ತಾರ್ರಿ, ಕಾಕಾ,” ಎಂದನು. ತಂಗುದಾಣದ ಹೆಸರು ಅಲ್ಲಿತ್ತು. ಹನ್ನೊಂದು ವರ್ಷ ಹಿಂದಿನ ತಾರೀಖು, ಫರೀದಾ ನದಾಫರ ಸಹಿ, ಮತ್ತಿಬ್ಬರ ಸಹಿ, ಕಚೇರಿಯ ಮೊಹರು, ಎಲ್ಲವೂ ಇದ್ದವು. ಫಕೀರಪ್ಪನು ಆ ಮೊಹರಿನ ಮೇಲೆ ಬೆರಳಾಡಿಸಿ, ಅಸಲಿ ರೇಷ್ಮೆಯೆಂದು ತಿಳಿದವನಂತೆ ತಲೆದೂಗಿದನು.

ಹೀಗೆ ಪಾಂಡಿತ್ಯದಿಂದಲೂ ಪರಾಕ್ರಮದಿಂದಲೂ ಸನ್ನದ್ಧರಾಗಿ, ಇಪ್ಪತ್ತೆರಡನೆಯ ದಿನ ಮುಂಜಾನೆ ಹತ್ತು ಗಂಟೆಗೆ, ದಂಪತಿಗಳು ಟಂಟಂ ಎಂಬ ತ್ರಿಚಕ್ರ ರಥವನ್ನೇರಿ ಮುಳಗುಂದ ರಸ್ತೆಯಲ್ಲಿ ದಂಡಯಾತ್ರೆ ಹೊರಟರು. ರಥದಲ್ಲಿ ಇವರಲ್ಲದೆ ಹನ್ನೆರಡು ಮಂದಿಯೂ ಎರಡು ಕೋಳಿಗಳೂ ಇದ್ದವು. ಫಕೀರಪ್ಪನು ತಾನೇ ಗಂಜಿ ಹಾಕಿ ತಾನೇ ಗೆರೆ ನಿಲ್ಲಿಸಿದ ಬಿಳಿ ಅಂಗಿಯನ್ನು ಧರಿಸಿದ್ದನು. ಎದೆಯ ಕಿಸೆಯಲ್ಲಿ ಹಳದಿ ಹಚ್ಚಿದ ಪಾಕೀಟಿತ್ತು. ದಾನದ ವೇಳೆ ಆಡಬೇಕಾದ ನಾಲ್ಕು ಮಾತುಗಳನ್ನು ಅವನು ದಾರಿಯುದ್ದಕ್ಕೂ ತುಟಿಯೊಳಗೆ ಇಸ್ತ್ರಿ ಮಾಡುತ್ತಿದ್ದನು.

ತಂಗುದಾಣದ ಗೇಟು ಮುಚ್ಚಿತ್ತು. ಒಳಗಿನಿಂದ ಬಂದವಳು ಎತ್ತರದ, ಮೂಳೆ ಬಲಿತ, ಎಪ್ಪತ್ತು ದಾಟಿದ ಹೆಂಗಸು. ತಲೆಗೆ ಬಿಗಿದ ವಸ್ತ್ರ, ಕಾಲಲ್ಲಿ ಗಂಬೂಟು, ಮೈಮೇಲೆ ಬಿಳಿಯ ಕೋಟು, ಕೈಯಲ್ಲಿ ಲದ್ದಿ ಎಳೆಯುವ ಸಲಿಕೆ. ದ್ವಾರಪಾಲಕಿಯೂ ಅವಳೇ, ಸಾಮ್ರಾಜ್ಞಿಯೂ ಅವಳೇ.

“ಯಾರು?”

“ದಾನಾ ಕೊಡಾಕ ಬಂದೀವ್ರಿ,” ಎಂದನು ಫಕೀರಪ್ಪ, ಗೇಟು ತಾನಾಗಿ ತೆರೆದುಕೊಳ್ಳುವುದೆಂಬ ಭರವಸೆಯಿಂದ.

ಗೇಟಿಗೆ ಇನ್ನೊಂದು ಚಿಲಕ ಬಿತ್ತು.

“ಹಿಂದಿನ ವರ್ಷಾನೂ ಇಬ್ಬರು ಹಿಂಗ ಬಿಳೀ ಅಂಗಿ ಹಾಕ್ಕೊಂಡ ಬಂದಿದ್ರು, ದಾನಾ ಕೊಡಾಕ,” ಎಂದಳು ಫರೀದಾ ನದಾಫ. “ಕತ್ತಿಗೆ ಹಾರ ಹಾಕಿದ್ರು, ಫೋಟೋ ತಗದ್ರು, ಹೋದ್ರು. ಒಂದ ಪೈಸಾ ಕೊಡಲಿಲ್ಲ. ಈಗ ಆ ಫೋಟೋ ತೋರಿಸಿ ಊರೂರಾಗ ರೊಕ್ಕಾ ಎತ್ತಾಕತ್ತಾರಂತ. ನಾ ಪೋಲೀಸ್ ಕಂಪ್ಲೇಂಟ್ ಕೊಟ್ಟೀನಿ. ನೀವು ಯಾರು, ಏನು, ನನಗ ಹೆಂಗ ಗೊತ್ತಾಗಬೇಕು?”

ಇಪ್ಪತ್ತೆರಡು ದಿನ ಲೋಕವನ್ನೇ ಸಂಶಯಿಸಿ ಬಂದ ವೀರನನ್ನು ಲೋಕವು ತಿರುಗಿ ಸಂಶಯಿಸಿತು. ಅವನ ಮುಖ ಕೆಂಪಾಯಿತು. “ನನ್ನನ್ನ? ಬೆಟಗೇರಿಯಾಗ ಕೇಳ್ರಿ! ಐವತ್ನಾಕ ವರ್ಷ ಊರ ಮಂದಿ ಕಿಸೆದಾಗ ಮರತ ಬಿಟ್ಟ ರೊಕ್ಕಾ ಒಂದ ರೂಪಾಯಿ ಇಟಗೊಂಡಿಲ್ಲ ನಾನು! ಒಬ್ಬರ ಮದುವಿ ಉಂಗುರಾ ಪ್ಯಾಂಟಿನ ಮಡಿಕಿಯಾಗ ಸಿಕ್ಕಿತ್ತು, ಬರಿಗಾಲಿಲೆ ಓಡಿ ಹೋಗಿ ಕೊಟ್ಟ ಬಂದೀನಿ!”

“ಹಂಗಂತ ಯಾರ ಬೇಕಾದ್ರೂ ಹೇಳಬಹುದು.”

ಗುರುಸಿದ್ದವ್ವನಿಗೆ ಆ ಕ್ಷಣವೇ ಆ ಹೆಂಗಸಿನ ಮೇಲೆ ಅಪಾರ ಪ್ರೀತಿಯುಂಟಾಯಿತು. ಆದರೂ ಗಂಡನ ಮಾನ ಉಳಿಯಬೇಕಲ್ಲ. “ಡಾಕ್ಟರ್ರವ್ವಾ, ನಿಮ್ಮ ಕೋಟ ಒಗಿಯೋರು ನಾವು,” ಎಂದಳು.

“ಈರಣ್ಣ ಎಲ್ಲಿ ಕೊಡ್ತಾನೋ ನಾ ಕೇಳಿಲ್ಲ.”

ಆಗ ಫಕೀರಪ್ಪನ ಬುದ್ಧಿಯಲ್ಲಿ ಸಹಸ್ರ ಸೂರ್ಯರು ಒಮ್ಮೆಲೆ ಉದಯಿಸಿದರು. ಹಿಂದಿನ ವೀರರು ಅಪರಿಚಿತರ ಆಸ್ಥಾನದಲ್ಲಿ ಮುದ್ರೆಯುಂಗುರವನ್ನು ತೋರಿಸಿ ತಮ್ಮ ಗುರುತು ಸ್ಥಾಪಿಸಿದ್ದನ್ನು ಕೇಳಿದ್ದೇವಷ್ಟೆ. ಅವನು ಗೇಟಿನ ಸರಳುಗಳ ನಡುವಿನಿಂದ ತೋರುಬೆರಳನ್ನು ಚಾಚಿದನು.

“ನಿಮ್ಮ ಎಡಗಿಸೆ ಹರದಿತ್ತು. ಚುಚ್ಚೂ ಸೂಜಿ ಇಟ್ಟ ಇಟ್ಟ ಹರದಿರಬೇಕು. ನಾನ ಹೊಲದೀನಿ. ಬಿಳಿ ದಾರ ತೀರಿತ್ತು, ಒಳಗ ನೀಲಿ ದಾರ ಹಾಕೀನಿ. ಹೊರಗ ಕಾಣೂದಿಲ್ಲ. ತಿರುವಿ ನೋಡ್ರಿ.”

ಫರೀದಾ ನದಾಫಳು ಸಲಿಕೆಯನ್ನು ಗೋಡೆಗೆ ಆನಿಸಿ, ಕಿಸೆಯನ್ನು ಹೊರಕ್ಕೆ ತಿರುವಿದಳು. ನೀಲಿ ಹೊಲಿಗೆ, ಒಂದರ ಪಕ್ಕ ಒಂದು, ಇರುವೆಗಳ ಸಾಲಿನಂತೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು.

“ಎರಡ ವರ್ಷದ ಹಿಂದ ಈ ಕಿಸೆ ತಾನ ನೆಟ್ಟಗಾಗಿ ಬಂತು,” ಎಂದಳು. “ಯಾರ ಮಾಡಿದ್ರೋ, ರೊಕ್ಕಾನೂ ಕೇಳಿಲ್ಲಲ್ಲ ಅಂತ ಅನಕೊಂಡಿದ್ದೆ.” ಎರಡೂ ಚಿಲಕಗಳು ತೆರೆದವು.

ಒಳಗೆ ತಗಡಿನ ನೆರಳಿನಲ್ಲಿ ಹತ್ತೊಂಬತ್ತು ಕತ್ತೆಗಳು ನಿಂತಿದ್ದವು. ಬೆನ್ನಿನ ಕೂದಲುದುರಿದವು, ಒಂದು ಕಾಲು ಸೊಟ್ಟಗಾದವು, ಇಟ್ಟಂಗಿ ಹೊತ್ತು ಹೊತ್ತು ಹೆಗಲು ಗಂಟು ಕಟ್ಟಿದವು. ಭೂಭಾರವನ್ನು ಹೊತ್ತ ದಿಗ್ಗಜಗಳನ್ನು ಕವಿಗಳು ಹಾಡಿದ್ದಾರೆ. ಊರಭಾರವನ್ನು ಹೊತ್ತ ಇವು ಸುಮ್ಮನೆ ಮೇವು ಮೆಲ್ಲುತ್ತಿದ್ದವು. ಗುರುಸಿದ್ದವ್ವ ಯಾರನ್ನೂ ಕೇಳದೆ ಮೇವಿನ ಕೋಣೆಗೆ ನುಗ್ಗಿ, ಹೊರೆಯೊಂದರೊಳಗೆ ಮೊಣಕೈವರೆಗೆ ಕೈತೂರಿ, ನಡುವಿನ ಸೊಪ್ಪೆಯನ್ನು ಎಳೆದು ಮೂಸಿ ನೋಡಿ, “ಒಣಗೈತಿ,” ಎಂದು ತೀರ್ಪು ಕೊಟ್ಟಳು. ಗೋಡೆಯ ಕರಿಹಲಗೆಯ ಮೇಲೆ ಆ ತಿಂಗಳು ಬಂದದ್ದೆಷ್ಟು, ಔಷಧಿಗೆ ಹೋದದ್ದೆಷ್ಟು ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು. ಅದನ್ನು ಓದಲು ಅವಳು ಕನ್ನಡಕ ಇಳಿಸಲಿಲ್ಲ. ಒಮ್ಮೆ ನೋಡಿ ಬಿಟ್ಟಳು.

ಫಕೀರಪ್ಪನು ಮಾತ್ರ ಒಂದು ಹೆಣ್ಣುಕತ್ತೆಯ ಮುಂದೆ ಕಲ್ಲಾಗಿ ನಿಂತಿದ್ದನು. ಫೋನು ತೆಗೆದು ಚಿತ್ರ ನೋಡಿದನು, ಕತ್ತೆಯನ್ನು ನೋಡಿದನು. ಅದೇ ಮುಖ, ಅದೇ ಹಣೆಯ ಚುಕ್ಕೆ.

“ಡಾಕ್ಟರ್ರ, ಇದು ಅಳಾಕತ್ತಿತ್ತು. ಯಾಕ ಅಳತಿತ್ತು?”

“ಇದೇನ? ಬೇಗಂ ಇದು. ಅಳೂ ಜಾತಿ ಅಲ್ಲ, ಒದಿಯೂ ಜಾತಿ. ಅವತ್ತ ಕಣ್ಣಿಗೆ ಡ್ರಾಪ್ಸ್ ಹಾಕಿದ್ದೆ. ಅದನ್ನ ಫೋಟೋ ಹೊಡಕೊಂಡ ಹೋಗ್ಯಾರ, ಹಲ್ಕಟ್ ಮಂದಿ.”

ಜಗತ್ತನ್ನೇ ಕಲಕಿದ ಆ ಕಣ್ಣೀರು ಆರು ರೂಪಾಯಿಯ ಔಷಧಿಯ ಹನಿಯೆಂದು ತಿಳಿದಾಗ ವೀರನಿಗೆ ನಗು ಬಂತು. ನಗುತ್ತ ನಗುತ್ತ ಕತ್ತೆಯ ಹಣೆಯ ಕಡೆ ಕೈ ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡನು. ಹೆಂಡತಿಗೂ ಪೂರ್ತಿಯಾಗಿ ಎಂದೂ ಹೇಳದಿದ್ದುದನ್ನು ಆ ಲದ್ದಿಯ ವಾಸನೆಯ ನಡುವೆ, ಗುರುತಾಗಿ ಅರ್ಧ ತಾಸೂ ಆಗದ ಹೆಂಗಸಿನ ಮುಂದೆ ಹೇಳಿಬಿಟ್ಟನು: ಚಂದ್ರಿ, ಕೆರೆಯ ದಾರಿ, ಓಣಿಯ ತಿರುವು, ಧೋತರಗಳ ಹಿಂದೆ ಅಡಗಿದ್ದು.

ಗುರುಸಿದ್ದವ್ವ ಮೇವಿನ ಕೋಣೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ವೈದ್ಯೆ ಸಮಾಧಾನ ಹೇಳಲಿಲ್ಲ. “ಹನ್ನೆರಡ ವರ್ಷದ ಹುಡುಗ ಬ್ಯಾರೆ ಏನ ಮಾಡಾಂವಿದ್ದ?” ಎಂದಷ್ಟೇ ಕೇಳಿದಳು. ಬಳಿಕ, “ಬೇಗಂನ ಹಣಿ ಮ್ಯಾಲ ಕೈ ಇಡ್ರಿ. ಮುಂದಿನಿಂದ ಹೋಗ್ರಿ, ಹಿಂದಿನಿಂದ ಬ್ಯಾಡ,” ಎಂದಳು.

ಅವನು ಇಟ್ಟನು. ಅದು ಒದೆಯಲಿಲ್ಲ.

ಇನ್ನು ಮಹಾದಾನದ ಮುಹೂರ್ತ. ಫಕೀರಪ್ಪನು ಅಂಗಿಯನ್ನು ಜಗ್ಗಿ ಸರಿಮಾಡಿಕೊಂಡು, ಹಳದಿ ಹಚ್ಚಿದ ಪಾಕೀಟನ್ನು ಎರಡೂ ಕೈಗಳಿಂದ ಮೇಲಕ್ಕೆತ್ತಿ, ಗಂಟಲು ಸರಿಪಡಿಸಿಕೊಂಡನು. “ಇವತ್ತು, ಇಪ್ಪತ್ತೆರಡ ದಿವಸದ ಪರೀಕ್ಷಾ ಮುಗಿಸಿ, ಸತ್ಯ ಯಾವ್ದು, ಅಸತ್ಯ ಯಾವ್ದು ಅಂತ ಅರತ, ಫಕೀರಪ್ಪ ಹನಮಪ್ಪ ಮಡಿವಾಳರ ಅನ್ನೂ ನಾನು...”

“ಎಷ್ಟ ಐತಿ ಇದರಾಗ?” ಎಂದು ಫರೀದಾ ನದಾಫ ನಡುವೆ ಬಾಯಿ ಹಾಕಿದಳು.

“ಇಪ್ಪತ್ತೈದ ಸಾವಿರ.”

“ನಿಮ್ಮದೇನ ಕೆಲಸಾ ಇತ್ತು ಈ ರೊಕ್ಕದಾಗ?”

ವೀರನು ಎತ್ತಿದ ಪಾಕೀಟನ್ನು ಕೆಳಗಿಳಿಸಿದನು. “ಅಂಗಡಿ ತಗಡ ಸೋರತೈತ್ರಿ,” ಎಂದಳು ಗುರುಸಿದ್ದವ್ವ.

“ಹಂಗಾರ ಎಂಟ ಸಾವಿರ ಇಡ್ರಿ. ಪಾವತಿ ಬರದ ಕೊಡ್ತೀನಿ. ತಗಡ ಹಾಕಿಸ್ರಿ. ದೀಪಾವಳಿ ಆದ ಮ್ಯಾಲ ಹೇಳದ ಕೇಳದ ಬರ್ರಿ, ನಾ ಏನ ಮಾಡಾಕತ್ತೀನಿ ನೋಡ್ರಿ. ಮನಸ್ಸಿಗೆ ಬಂದ್ರ ಮತ್ತ ಕೊಡ್ರಿ.” ಅವಳು ಅಲ್ಲಿಯೇ ನಿಂತು ರಸೀದಿ ಹರಿದುಕೊಟ್ಟು, ಪಾಕೀಟಿನಿಂದ ಎಂಟು ಸಾವಿರವನ್ನಷ್ಟೇ ತೆಗೆದು, ಉಳಿದದ್ದನ್ನು ಗುರುಸಿದ್ದವ್ವನ ಕೈಗೆ ಕೊಟ್ಟಳು. ಆಮೇಲೆ ಫಕೀರಪ್ಪನ ಮಣಿಕಟ್ಟನ್ನು ಮೇವು ಪರೀಕ್ಷಿಸುವಂತೆ ನೋಡಿದಳು. “ಕೈ ಗಟ್ಟಿ ಅದಾವ ನಿಮ್ಮವು. ಆ ಮೂಲ್ಯಾಗಿನ ಕರೀ ಗಂಡಕತ್ತಿ ಐತಲ್ಲ, ಅದರ ಕಿವ್ಯಾಗ ಉಣ್ಣಿ ಆಗ್ಯಾವ. ಔಷಧ ಹಾಕಬೇಕು, ನನ್ನೊಬ್ಬಾಕಿಗೆ ನಿಲ್ಲವಲ್ದು. ಅದಕ್ಕ ಮೂರ ದಿನದಿಂದ ಯಾರರ ಬರ್ತಾರೇನು ಅಂತ ಕಾಯಾಕತ್ತೀನಿ.”

ಹೀಗೆ ಅಷ್ಟಕಿಲೋಭಾರ ಲೋಹೇಸ್ತ್ರಿಧರನು, ಮಧುಜಿಹ್ವಗರ್ವಭಂಗ ಸಾಕ್ಷಿಯು, ನೋಂದಣಿದುರ್ಗ ವಿಜೇತನು, ತನ್ನ ಶುಭ್ರಶ್ವೇತ ಅಂಗಿಯ ತೋಳುಗಳನ್ನು ಮಡಚಿ, ಕರಿಗತ್ತೆಯ ಎಡಗಿವಿಯನ್ನು ಎರಡೂ ಕೈಗಳಿಂದ ಹಿಡಿದು ನಿಂತನು. ಕತ್ತೆ ತಲೆ ಕೊಡವಿತು. ಔಷಧಿಯ ಮುಕ್ಕಾಲು ಪಾಲು ಅವನ ಎದೆಯ ಮೇಲೆ ಕಂದು ಬಣ್ಣದ ನಕ್ಷತ್ರಮಂಡಲವಾಗಿ ಹರಡಿತು. ಅವನು ಬಿಡಲಿಲ್ಲ. ಎರಡನೆಯ ಸಲ ಕಿವಿಯೊಳಗೆ ಹನಿ ಇಳಿಯಿತು. ಮೂರು ಉಣ್ಣಿಗಳು ಉದುರಿದವು. ಗುರುಸಿದ್ದವ್ವ ದೂರದಿಂದ ಅಂಗಿಯ ಕಲೆಯನ್ನು ನೋಡಿ, ಹೋಗುವ ಕಲೆಯೋ ಹೋಗದ ಕಲೆಯೋ ಎಂದು ಯೋಚಿಸುತ್ತಿದ್ದಳು.

“ಆತೇನ್ರಿ?” ಎಂದನು ಫಕೀರಪ್ಪ, ಬೆವರೊರೆಸಲು ಕೈಯಿಲ್ಲದೆ.

“ಬಿಡಬ್ಯಾಡ್ರಿ ಮತ್ತ,” ಎಂದಳು ಫರೀದಾ ನದಾಫ, ಬಾಟಲಿಯನ್ನು ಅಲುಗಾಡಿಸುತ್ತ. “ಇನ್ನೊಂದ ಕಿವಿ ಐತಿ.”